ಕರಗುವ ಚೀಲದ ಕಾರುಬಾರು

ಗಂಜಿ ಕಾಯಿಸಿ ಪ್ಲಾಸ್ಟಿಕ್ ಮಾಡುತ್ತೇವೆ ಎಂದರೆ ಜನ ನಗುತ್ತಾರೆ. ಒಂದೆರಡು ತಿಂಗಳು ಮಾಡಿದ ಮೇಲೆ ನಾವೇ ನಗಬೇಕಾಗುತ್ತದೆ, ಆ ಕಸುಬಿನ ಗುಣವೇ ಹಾಗೆ.

ಗಂಡ ನೌಕಾಪಡೆಯವರು. ಅವರ ವರ್ಗಾವಣೆಯ ಬೆನ್ನಿಗೆ ನಾನು ದಾವಣಗೆರೆಯಿಂದ ವಿಶಾಖಪಟ್ಟಣಕ್ಕೆ ಬಂದೆ. ಕೆಮಿಸ್ಟ್ರಿ ಓದಿಕೊಂಡು ಮನೆಯಲ್ಲಿ ಕೂರುವುದೇಕೆಂದು ಒಂದು ಪುಟ್ಟ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದೆ. ಮರಗೆಣಸಿನ ಪಿಷ್ಟಕ್ಕೆ, ಸಾಬೂನು ಕಾರ್ಖಾನೆಯಲ್ಲಿ ಉಳಿಯುವ ಗ್ಲಿಸರಿನ್ನನ್ನು ಶುದ್ಧ ಮಾಡಿ ಬೆರೆಸಿ, ಗಂಜಿ ಕಾಯಿಸಿ, ತಟ್ಟೆಗೆ ಹುಯ್ದು ಒಣಗಿಸಿದರೆ ತೆಳ್ಳನೆಯ ಹಾಳೆ ಏಳುತ್ತದೆ. ಆ ಹಾಳೆಯಿಂದ ಚೀಲ. ಮಣ್ಣಿಗೆ ಬಿದ್ದರೆ ಮಣ್ಣಾಗುತ್ತದೆ. ಶೆಡ್ಡಿನ ಒಡತಿ ತೆಲುಗಿನವರು, ನನಗೆ ಬರೀ ಮೇಡಂ. ಒಳ್ಳೆಯ ನೌಕರಿ ಬಿಟ್ಟು ಇದಕ್ಕೆ ಇಳಿದಿದ್ದರು. ಸಂಕ್ರಾಂತಿಯೊಳಗೆ ಒಬ್ಬ ದೊಡ್ಡ ಗಿರಾಕಿ ಸಿಗದಿದ್ದರೆ ಶೆಡ್ಡಿಗೆ ಬೀಗ ಎಂದು ಅವರ ಮನೆಯಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು. ಪಾಪ, ಅವರಿಗೆ ನಿದ್ದೆಯೇ ಇರಲಿಲ್ಲ.

ಜೀರಿಗೆ ಹಾಕಿದ ಪ್ಲಾಸ್ಟಿಕ್

ಒಮ್ಮೆ ಒಣಗಿಸುವ ಯಂತ್ರ ಕೆಟ್ಟಿತು. ಕಾಯಿಸಿದ ಗಂಜಿಯನ್ನು ಚೆಲ್ಲಲು ಮನಸ್ಸಾಗದೆ ತಟ್ಟೆಗಳನ್ನೆಲ್ಲ ನಮ್ಮ ಕ್ವಾರ್ಟರ್ಸಿನ ತಾರಸಿಗೆ ಹೊತ್ತೆ. ಬಿಸಿಲು ಚೆನ್ನಾಗಿತ್ತು. ತಟ್ಟೆ ಹರಡಿ ಶೆಡ್ಡಿಗೆ ಹೋದೆ.

ಬಟ್ಟೆ ಒಣಹಾಕಲು ಬಂದ ಕೆಳಮನೆಯ ತೆಲುಗು ಆಂಟಿ ಅದನ್ನು ನೋಡಿದರು. ಕನ್ನಡದ ಹುಡುಗಿ ಸಂಡಿಗೆ ಹಾಕಿದ್ದಾಳೆ, ಪಾಪ, ಖಾರ ಹಾಕಲು ಮರೆತಿದ್ದಾಳೆ ಎಂದು ಮರುಗಿದರು. ಹಸಿಮೆಣಸಿನಕಾಯಿ ಅರೆದು, ಜೀರಿಗೆ ಸೇರಿಸಿ ಪ್ರತಿ ತಟ್ಟೆಗೂ ಕಲಸಿದರು. ಸಾಲದೆಂದು ಛತ್ರಿ ಹಿಡಿದು ಕೂತು ಸಂಜೆಯವರೆಗೆ ಕಾಗೆ ಓಡಿಸಿದರು. ಅಷ್ಟು ಪ್ರೀತಿ ಮಾಡಿದವರ ಮೇಲೆ ಸಿಟ್ಟು ಮಾಡುವುದು ಹೇಗೆ? ನಾನು ಬರುವಷ್ಟರಲ್ಲಿ ರುಚಿ ನೋಡಲೆಂದು ಒಂದು ತುಂಡನ್ನು ಎಣ್ಣೆಗೂ ಬಿಟ್ಟಿದ್ದರು.

"ನಿಮ್ಮ ಕಡೆ ಸಂಡಿಗೆ ಅರಳುವುದಿಲ್ಲವೇನಮ್ಮಾ?" ಎಂದು ಮೆಲ್ಲಗೆ ಕೇಳಿದರು. "ಎಣ್ಣೆಯಲ್ಲಿ ಸುಮ್ಮನೆ ಮಲಗಿ ನನ್ನನ್ನೇ ನೋಡುತ್ತಿತ್ತು."

ತೆಂಗಿನಕಾಯಿ ಅಂಗಡಿ

ಮೇಡಂ ಒಂದು ಕಟ್ಟು ಚೀಲವನ್ನು ಸಿಂಹಾಚಲಂ ಬೆಟ್ಟದ ಕೆಳಗಿನ ಒಬ್ಬ ಕಾಯಿ ವ್ಯಾಪಾರಿಗೆ ಕೊಟ್ಟು ಬಂದರು. ಆಗಿನ ನಮ್ಮ ಚೀಲಕ್ಕೆ ಒಂದೇ ಒಂದು ದೋಷ, ನೀರು ತಾಗಿದರೆ ಮೆತ್ತಗಾಗುತ್ತಿತ್ತು. ಭಕ್ತರೋ ಕೈಕಾಲು ತೊಳೆದು ಒದ್ದೆ ಕೈಯಲ್ಲೇ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು.

ಮೆಟ್ಟಿಲ ಮೇಲೆ ಚೀಲಗಳು ಹರಿಯುತ್ತಿವೆ ಎಂದು ಸುದ್ದಿ ಬಂತು. ಕ್ಷಮೆ ಕೇಳೋಣವೆಂದು ಇಬ್ಬರೂ ಹೋದೆವು. ವ್ಯಾಪಾರಿ ನಮ್ಮನ್ನು ಕೂರಿಸಿ ಎಳನೀರು ಕೊಟ್ಟ. ಇನ್ನೂ ನಾಲ್ಕು ಕಟ್ಟು ಬೇಕೆಂದ.

"ಅರ್ಧ ಬೆಟ್ಟಕ್ಕೆ ಹೋದಾಗ ಚೀಲ ಹರಿದು ಕಾಯಿ ಒಡೆಯುತ್ತದೆ ಮೇಡಂ ಗಾರು. ಎಲ್ಲರೂ ಇಳಿದು ಬಂದು ಇನ್ನೊಂದು ಕಾಯಿ ಕೊಳ್ಳುತ್ತಾರೆ."

ಮೇಡಂ ಒಪ್ಪಲಿಲ್ಲ. ಆದರೆ ಮನೆ ಮುಟ್ಟುವವರೆಗೂ ಯೋಚಿಸುತ್ತಲೇ ಇದ್ದರು, ಅಷ್ಟು ದಿನದಲ್ಲಿ ಮತ್ತೆ ಬೇಕೆಂದು ಕೇಳಿದ ಗಿರಾಕಿ ಅವನೊಬ್ಬನೇ.

ವಿಜಯವಾಡದ ಮಿಠಾಯಿ ಅಂಗಡಿ

ನೀರಿಗೆ ಮದ್ದು ಸಿಕ್ಕಿದ್ದು ಭೀಮುನಿಪಟ್ಟಣದ ಕಡೆಯಿಂದ. ಸಿಗಡಿ ಸುಲಿಯುವ ಕಡೆ ಸಿಪ್ಪೆ ರಾಶಿ ಬೀಳುತ್ತದೆ. ಅದರಿಂದ ತೆಗೆದ ಸತ್ವ ಬೆರೆಸಿದ ಮೇಲೆ ಚೀಲಕ್ಕೆ ನೀರು ಹುಯ್ದರೂ ಅಲ್ಲಾಡಲಿಲ್ಲ. ಮೇಡಂ ಕುಣಿದಾಡಿಬಿಟ್ಟರು. ಸಂಕ್ರಾಂತಿ ಹತ್ತಿರ ಬಂದಿತ್ತು. ವಿಜಯವಾಡದ ದೊಡ್ಡ ಮಿಠಾಯಿ ಅಂಗಡಿಯೊಂದರ ಯಜಮಾನರು ಹಬ್ಬದ ಚೀಲಕ್ಕೆಂದು ನಮ್ಮನ್ನು ಕರೆಸಿದರು. ಇದು ತಪ್ಪಿದರೆ ಶೆಡ್ಡು ಮುಗಿದ ಹಾಗೆ. ಇಬ್ಬರೂ ರೈಲು ಹತ್ತಿದೆವು.

ಯಜಮಾನರು ವಿಭೂತಿ ಹಚ್ಚಿದ ಹಿರಿಯರು, ಮಾತೆಲ್ಲ ಬೆಣ್ಣೆ. ಚೀಲವನ್ನು ಎಳೆದರು, ನೀರು ಹುಯ್ದರು, ತಲೆದೂಗಿದರು. ಖುಷಿಯಲ್ಲಿ ಮೇಡಂ ತಮ್ಮ ಹಳೇ ವರಸೆ ತೆಗೆದರು. ಗಿರಾಕಿಯ ಎದುರು ಚೀಲದ ಚೂರು ಹರಿದು ಬಾಯಿಗೆ ಹಾಕಿಕೊಂಡು, ನೋಡಿ, ವಿಷವಿಲ್ಲ ಎನ್ನುವುದು ಅವರ ಪದ್ಧತಿ.

ಅತಿಥಿ ಒಬ್ಬರೇ ತಿನ್ನುವುದನ್ನು ನೋಡುತ್ತ ಕೂರುವ ಮನುಷ್ಯರಲ್ಲ ಯಜಮಾನರು. ಹುಟ್ಟಿದಾಗಿನಿಂದ ನಮ್ಮದು ಶುದ್ಧ ಸಸ್ಯಾಹಾರ, ಇಂಥ ವಸ್ತುವೇ ನಮಗೆ ಬೇಕಿತ್ತು ಎನ್ನುತ್ತ ತಾವೂ ಒಂದು ಚೂರು ಹರಿದುಕೊಂಡರು.

ಸಿಗಡಿ ಸಿಪ್ಪೆಯ ವಿಷಯ ಹೇಳಿದರೆ ಆರ್ಡರು ಹೋಯಿತು. ಸುಮ್ಮನಿದ್ದರೆ ಅವರ ನೇಮ ಹೋಯಿತು. ನನಗೆ ಬೇರೆ ದಾರಿ ಕಾಣದೆ ಯಜಮಾನರ ಕೈಯಿಂದ ಚೂರನ್ನು ಕಸಿದು ನಾನೇ ತಿಂದೆ.

ಯಜಮಾನರು ಬೆಚ್ಚಿದರು, ಆದರೆ ಮರ್ಯಾದಸ್ಥರು, ಇನ್ನೊಂದು ಹರಿದರು. ಅದನ್ನೂ ತಿಂದೆ. ನಾನು ಮೂರನೆಯದಕ್ಕೆ ಕೈ ಹಾಕುವಾಗ ಅವರು ಒಳಗೆ ಕೂಗಿ, ಈ ಅಮ್ಮಾಯಿ ಬೆಳಗಿನಿಂದ ಏನೂ ತಿಂದಂತಿಲ್ಲ, ಬೇಗ ಒಂದು ಪ್ಲೇಟು ಮೈಸೂರುಪಾಕು ತನ್ನಿ ಎಂದರು.

ಮೇಡಂಗೆ ತಡೆಯಲಾಗಲಿಲ್ಲ. ಸಿಗಡಿ ಸಿಪ್ಪೆಯ ವಿಷಯವನ್ನು ಹೇಳಿಬಿಟ್ಟರು. ಯಜಮಾನರು ಎದ್ದು ಕೈ ತೊಳೆದು ಬಂದರು. ಶೆಡ್ಡಿಗೆ ಬೀಗ ಬಿದ್ದ ಸದ್ದು ನನಗೆ ಅಲ್ಲಿಗೇ ಕೇಳಿಸಿತು.

"ನಿಮ್ಮಲ್ಲಿ ಸಿಗಡಿ ತಿನ್ನುತ್ತಾರಾ ಅಮ್ಮಾ?" ಎಂದು ನನ್ನನ್ನು ಕೇಳಿದರು.

ಬಾಯಲ್ಲಿದ್ದ ಚೂರನ್ನು ಅಗಿಯುವುದನ್ನು ನಿಲ್ಲಿಸಿದೆ. ಆ ಗಡಿಬಿಡಿಯಲ್ಲಿ ನನಗದು ಹೊಳೆದೇ ಇರಲಿಲ್ಲ.

"ಇಲ್ಲ ಸಾರ್," ಎಂದೆ. "ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ."

ಮೊದಲು ನಕ್ಕವರು ಯಜಮಾನರು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅವರ ಮಿಠಾಯಿಯೆಲ್ಲ ಒಣಗಿದ್ದೇ, ನೀರಿನ ಗೊಡವೆ ಅವರಿಗಿರಲಿಲ್ಲ. ಸಿಗಡಿ ಇಲ್ಲದ ಹಳೇ ಚೀಲವನ್ನೇ ಹಬ್ಬಕ್ಕೂ ಹಬ್ಬದಾಚೆಗೂ ಕಳಿಸಿ ಎಂದು ಅಲ್ಲೇ ಆರ್ಡರು ಕೊಟ್ಟರು. ಮೇಡಂ ನನ್ನ ಕೈ ಹಿಡಿದು ಅತ್ತರು.

ಬಾಗಿಲವರೆಗೆ ಬಂದು ಬೀಳ್ಕೊಡುವಾಗ ಯಜಮಾನರು ಮೇಡಂಗೆ ಒಂದೇ ಷರತ್ತು ಹಾಕಿದರು. "ಮುಂದಿನ ಸಲ ಸ್ಯಾಂಪಲ್ ತರುವಾಗ ಈ ಅಮ್ಮಾಯಿಗೆ ಊಟ ಹಾಕಿಸಿಯೇ ಕರೆತನ್ನಿ. ಗಿರಾಕಿಗಳಿಗೂ ನಾಲ್ಕು ಚೀಲ ಉಳಿಯಬೇಕಲ್ಲ."