ಪ್ರೇಮಾನಂದನ ಗ್ರಾಫಿಕ್ಸ್ ಕಾರ್ಡು

ಬಸ್ಸಿನ ಬಲಬದಿಯ ಸೀಟಿನಲ್ಲಿ ಕೂತದ್ದೇ ಪ್ರೇಮಾನಂದ ಆ ದಿನ ಮಾಡಿದ ಮೊದಲ ತಪ್ಪು. ಬೈಂದೂರಿನಿಂದ ಕುಂದಾಪುರಕ್ಕೆ ಹೋಗುವಾಗ ಕಡಲು ಕಾಣುವುದು ಆ ಬದಿಗೆ. ಮರವಂತೆಯ ಕಡಲು ಕಾಣದಿದ್ದರೆ ಟಿಕೇಟಿಗೆ ಕೊಟ್ಟದ್ದು ದಂಡ ಎಂದು ನಂಬಿದ್ದ ಪಕ್ಕದ ಮನೆಯ ಮಂಜಣ್ಣ, ಬಸ್ಸು ಹೊರಡುವ ಹೊತ್ತಿಗೆ ಓಡಿ ಬಂದು ಹತ್ತಿದವನೇ ಅವನ ತೊಡೆಗೆ ತೊಡೆ ತಾಗಿಸಿ ಕೂತುಬಿಟ್ಟ.

"ಹ್ವಾಯ್ ಪ್ರೇಮಾನಂದ, ರಜೆ ದಿನ ಎಲ್ಲಿಗೆ ಹೊರ್ಟದ್?"

ಪ್ರೇಮಾನಂದ ಎದೆಯ ಮೇಲೆ ಕೈ ಅಡ್ಡ ಇಟ್ಟುಕೊಂಡ. ಅವನ ಅಂಗಿ ಜೇಬಿನಲ್ಲಿ ನಾಲ್ಕು ತಿಂಗಳಿಂದ ತಿದ್ದಿ ತಿದ್ದಿ ಹರಿಯುವ ಹಾಗಾಗಿದ್ದ ಒಂದು ಪಟ್ಟಿ ಇತ್ತು. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್. ಒಂದೊಂದೇ ಭಾಗವನ್ನು ತಾನೇ ಆರಿಸಿ, ತನ್ನದೇ ಆದ ಗೇಮಿಂಗ್ ಕಂಪ್ಯೂಟರ್ ಒಂದನ್ನು ಕಟ್ಟಿಸಿಕೊಳ್ಳಬೇಕೆಂಬುದು ಅವನ ಆಸೆ. ವಯಸ್ಸು ನಲವತ್ತನಾಲ್ಕು. ಕೆಲಸ ಊರಿನ ಸಹಕಾರಿ ಸೊಸೈಟಿಯ ಗೊಬ್ಬರದ ವಿಭಾಗದಲ್ಲಿ ಗುಮಾಸ್ತಿಕೆ. ಹೆಂಡತಿ ಶ್ರೀಲತಾಗೆ ಈ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಹೋದ ವರ್ಷ ಅವಳ ತಂಗಿಯ ನಿಶ್ಚಿತಾರ್ಥದಲ್ಲಿ ಪ್ರೇಮಾನಂದ ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ಲಾರಿ ಓಡಿಸುತ್ತಿದ್ದ. ಫೋಟೋಕ್ಕೆ ಕರೆದದ್ದೂ ಕೇಳಿಸಿರಲಿಲ್ಲ. ಆಮೇಲೆ ಎಂಟು ದಿನ ಮನೆಯಲ್ಲಿ ಅವನೊಂದಿಗೆ ಮಾತಾಡಿದ್ದು ಬೆಕ್ಕು ಮಾತ್ರ.

"ಆಫೀಸಿಗೆ ಒಂದ್ ಕಂಪ್ಯೂಟರ್ ತಕಂಬುಕೆ, ಮಂಜಣ್ಣ" ಎಂದ, ಕಡಲಿನತ್ತ ಮುಖ ತಿರುಗಿಸಿ.

ಇದು ಎರಡನೆಯ ತಪ್ಪು.

"ಅರೆ! ಸೊಸೈಟಿಗಾ?" ಮೂವತ್ತು ವರ್ಷ ಮುಂಬಯಿಯ ಹೋಟೆಲಿನಲ್ಲಿ ಹಣದ ಗಲ್ಲೆಯ ಮೇಲೆ ಕೂತು ಬಂದ ಮಂಜಣ್ಣನ ಬೆನ್ನು ನೆಟ್ಟಗಾಯಿತು. "ನಾನೂ ಸೊಸೈಟಿ ಮೆಂಬರ್ ಅಲ್ದಾ! ನಾನೂ ಬತ್ತೆ. ನೀವ್ ಪಾಪದವ್ರ್, ಅಂಗ್ಡಿಯವ್ರ್ ನಿಮ್ಗೆ ಟೊಪ್ಪಿ ಹಾಕ್ತ್ರ್."

"ಬ್ಯಾಡ ಮಂಜಣ್ಣ, ನಿಮ್ಗೆ ಸುಮ್ನೆ ತೊಂದ್ರೆ..."

"ತೊಂದ್ರೆ ಎಂತ ಮರ್ರೆ, ಅದ್ ನಮ್ ಸೊಸೈಟಿ!"

ಕುಂದಾಪುರದ ಕಂಪ್ಯೂಟರ್ ಅಂಗಡಿಯ ಮಿಥುನ್ ಎಲ್ಲ ಭಾಗಗಳನ್ನೂ ಮೇಜಿನ ಮೇಲೆ ಮದುವೆ ಮನೆಯ ಉಡುಗೊರೆಯಂತೆ ಸಾಲಾಗಿ ಇಟ್ಟು ಕಾಯುತ್ತಿದ್ದ. ಪ್ರೇಮಾನಂದನನ್ನು ಕಂಡವನೇ ಬಾಯಿ ತೆರೆದ. "ಬನ್ನಿ ಪ್ರೇಮಣ್ಣ, ನೀವ್ ಹೇಳಿದ ಗೇಮ್..."

ಪ್ರೇಮಾನಂದನಿಗೆ ಒಮ್ಮೆಲೇ ಕ್ಷಯರೋಗಿಯಂಥ ಕೆಮ್ಮು ಬಂತು. ಕೆಮ್ಮುತ್ತಲೇ ಕಣ್ಣು ಮಿಟುಕಿಸಿ, "ಸೊಸೈಟಿಗೆ, ಮಿಥುನ್! ಸೊಸೈಟಿಯ ಗೊಬ್ಬರದ ಲೆಕ್ಕಕ್ಕೆ!" ಎಂದ. ಮಿಥುನ್ ಮೇಜಿನ ಮೇಲಿದ್ದ ಸಾಮಾನನ್ನೂ ಪ್ರೇಮಾನಂದನ ಮುಖವನ್ನೂ ಮೂರು ಸಲ ನೋಡಿದ.

ಮಂಜಣ್ಣ ಅಷ್ಟರಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಎರಡು ಕೈಯಲ್ಲಿ ಎತ್ತಿ ತೂಗುತ್ತಿದ್ದ. ಅದು ಅಂಜಲ್ ಮೀನಿನ ನಡುತುಂಡಿನಷ್ಟು ದಪ್ಪಗಿತ್ತು. "ಇದೆಂತಕ್ಕೆ?"

"ಚಿತ್ರ ಚಂದ ಕಾಂಬುಕೆ" ಎಂದ ಮಿಥುನ್.

"ಯೂರಿಯಾ ಲೆಕ್ಕ ಬರೆಯುಕೆ ಚಿತ್ರ ಎಂತಕ್ಕೆ? ತೆಗಿ ಅದನ್ನ!"

ಪ್ರೇಮಾನಂದ ಕಾರ್ಡಿನ ಇನ್ನೊಂದು ತುದಿ ಹಿಡಿದುಕೊಂಡ. ನಾಲ್ಕು ತಿಂಗಳು ಹಗಲಿಡೀ ಕನಸು ಕಂಡ ಕಾರ್ಡು ಅದು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. "ಹಾಂಗಲ್ಲ ಮಂಜಣ್ಣ, ಇನ್ನ್ ಮುಂದೆ ಒಂದೊಂದ್ ಚೀಲದ್ದೂ ಫೋಟೋ ಕಳಿಸ್ಕ್. ಹೊಲಿಗೆ ಬಿಚ್ಚಿದ್ರಾ ಇಲ್ಯಾ ಅಂತ ಸಮಾ ಕಾಣ್ಕ್. ಕಳ್ಳ ವ್ಯಾಪಾರ ನಿಲ್ಸುಕೆ."

ಮಂಜಣ್ಣನ ಮುಖ ಅರಳಿತು. "ಹೌದಾ? ಹಾಂಗಾರೆ ಇದ್ಕಿಂತ ದೊಡ್ಡದ್ ಇತ್ತಾ?"

ಅಲ್ಲಿಂದ ಮುಂದೆ ಮಂಜಣ್ಣನನ್ನು ಹಿಡಿಯುವವರಿಲ್ಲ. ಕಾರ್ಡು ದೊಡ್ಡದಾಯಿತು. ಕಾರ್ಡು ದೊಡ್ಡದಾದ ಮೇಲೆ ಪವರ್ ಸಪ್ಲೈ ಸಾಲದು ಎಂದ ಮಿಥುನ್, ಅದೂ ದೊಡ್ಡದಾಯಿತು. ಗೋಡೌನಿನಲ್ಲಿ ಸೆಖೆ ಎಂದು ಎರಡು ಫ್ಯಾನಿದ್ದಲ್ಲಿ ಆರು ಫ್ಯಾನು ಬಂದವು. ರ‍್ಯಾಮಿನ ಮೇಲೆ ಬಣ್ಣ ಬಣ್ಣದ ದೀಪ ಹತ್ತಿದಾಗ ಮಾತ್ರ ಮಂಜಣ್ಣ ಹುಬ್ಬು ಗಂಟಿಕ್ಕಿದ.

"ಕೆಂಪ್ ಹತ್ತಿದ್ರೆ ಸ್ಟಾಕ್ ಖಾಲಿ, ಹಸಿರ್ ಹತ್ತಿದ್ರೆ ಲೋಡ್ ಬಂತ್ ಅಂತ" ಎಂದ ಪ್ರೇಮಾನಂದ. ತನ್ನ ನಾಲಿಗೆ ಇಷ್ಟು ಸಲೀಸಾಗಿ ಸುಳ್ಳು ಹೇಳುತ್ತದೆಂದು ಅವನಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಊಟದ ಹೊತ್ತು ಮೀರಿ ಮಿಥುನ್ ಎಲ್ಲವನ್ನೂ ಜೋಡಿಸಿ ಮುಗಿಸಿದ. ಗಾಜಿನ ಪೆಟ್ಟಿಗೆಯೊಳಗೆ ಆರು ಫ್ಯಾನು ತಿರುಗಿ ದೀಪಗಳು ಹೊಳೆದಾಗ ಪ್ರೇಮಾನಂದನ ಕಣ್ಣು ತುಂಬಿ ಬಂತು. ತಾನು ಕೇಳಿದ್ದಕ್ಕಿಂತ ಎರಡು ಪಟ್ಟು ಒಳ್ಳೆಯ ಕಂಪ್ಯೂಟರು! ಫೋನ್ ತೆಗೆದು ಹಣ ಕಳಿಸಿಯೂ ಆಯಿತು.

"ಬಿಲ್ ಸೊಸೈಟಿ ಹೆಸ್ರಂಗೆ ಬರಿ" ಎಂದ ಮಂಜಣ್ಣ.

"ಅದ್... ಅದ್ ಕಡಿಗೆ ಮಾಡ್ರಾತ್ತ್" ಎಂದ ಪ್ರೇಮಾನಂದ.

"ಕಡಿಗೆ ಎಂತಕ್ಕೆ? ಇಲ್ಲೇ, ನನ್ ಎದ್ರೇ ಆಯ್ಲಿ."

ಬಿಲ್ಲು ಸೊಸೈಟಿಯ ಹೆಸರಿನಲ್ಲೇ ಆಯಿತು. ಮಂಜಣ್ಣ ಅದನ್ನು ಕಂಪ್ಯೂಟರಿಗೆ ಒರಗಿಸಿ, ಪಕ್ಕದಲ್ಲಿ ತಾನೂ ನಿಂತು ಫೋಟೋ ತೆಗೆಸಿಕೊಂಡು ಸೊಸೈಟಿ ಸದಸ್ಯರ ಗ್ರೂಪಿಗೆ ಹಾಕಿದ. ರಜೆಯ ದಿನ ಸೊಸೈಟಿಗೆ ಬೀಗವೆಂದು ಕಂಪ್ಯೂಟರನ್ನು ಪ್ರೇಮಾನಂದನ ಮನೆಗೇ ಒಯ್ಯುವುದೆಂದಾಯಿತು. ಬಾಡಿಗೆ ವ್ಯಾನಿನಲ್ಲಿ ಮರವಂತೆ ದಾಟುವಷ್ಟರಲ್ಲಿ ಅದಕ್ಕೆ ಮೂವತ್ತೇಳು ಕೈಮುಗಿದ ಚಿತ್ರಗಳು ಬಂದಿದ್ದವು. "ನೋಡಿ ಪ್ರೇಮಾನಂದ, ಎಷ್ಟ್ ಜನ ಖುಷಿಯಾಯ್ರ್!" ಎಂದು ಮಂಜಣ್ಣ ಪ್ರತಿಯೊಂದನ್ನೂ ತೋರಿಸಿದ. ಪ್ರೇಮಾನಂದನಿಗೆ ಈ ಸಲ ಕಡಲು ಕಾಣಲೇ ಇಲ್ಲ.

ಮನೆಯ ಅಂಗಳದಲ್ಲಿ ಇನ್ನೊಂದು ಆಘಾತ ಕಾದಿತ್ತು. ಗೊಬ್ಬರ ಸಾಗಿಸುವ ಸೊಸೈಟಿಯ ಪಿಕಪ್ ಗಾಡಿ ನಿಂತಿತ್ತು. ಅದರ ಪಕ್ಕ ಅಧ್ಯಕ್ಷ ಯೋಗೀಶ್ ಶೆಟ್ರು, ಕೈಯಲ್ಲಿ ಶಾಲು ಹಿಡಿದು ನಿಂತಿದ್ದರು. ಬಾಗಿಲಲ್ಲಿ ಶ್ರೀಲತಾ.

ಶೆಟ್ರು ಬಂದವರೇ ಪ್ರೇಮಾನಂದನನ್ನು ಅಪ್ಪಿಕೊಂಡರು. "ಎಂತ ದೊಡ್ಡ ಮನ್ಸ್ ಮರ್ರೆ ನಿಮ್ದ್! ಗ್ರೂಪಂಗೆ ಬಿಲ್ ಕಂಡೆ. ಆಫೀಸಿನ ಕಂಪ್ಯೂಟರ್ ಕೆಟ್ಟ್ ಒಂದ್ ತಿಂಗ್ಳಾಯ್ತ್. ಕಮಿಟಿಯವ್ರ್ ಒಬ್ರೂ ಬಾಯಿ ಬಿಡಲ್ಲೆ. ನೀವ್ ಕಂಡ್ರೆ ಯಾರಿಗೂ ಹೇಳ್ದೆ ಸ್ವಂತ ದುಡ್ಡಂಗೆ ದಾನ ಕೊಟ್ರಿ!"

ಮಂಜಣ್ಣ ಬೆರಗಾಗಿ ಪ್ರೇಮಾನಂದನ ಕಾಲು ಮುಟ್ಟುವುದೊಂದು ಬಾಕಿ. "ದಾನವಾ! ಬಸ್ಸಂಗೆ ಒಂದ್ ಮಾತ್ ಹೇಳಲ್ಲೆ ಕಾಣಿ!"

ಶಾಲು ಪ್ರೇಮಾನಂದನ ಹೆಗಲ ಮೇಲೆ ಬಿತ್ತು. ಆಗ ಶ್ರೀಲತಾ ಮೆಟ್ಟಿಲಿಳಿದು ಬಂದು ಅವನ ಎದುರು ನಿಂತಳು. ಅವನ ಕಣ್ಣನ್ನೇ ನೋಡುತ್ತ ಕೇಳಿದಳು.

"ಇದ್ ಸೊಸೈಟಿಗಾ? ಸಮಾ ಹೇಳಿ. ನಮ್ ಮನೆಗಲ್ದಾ?"

ಈಗ ನಿಜ ಹೇಳಿದರೆ ಇನ್ನೆಷ್ಟು ದಿನ ಬೆಕ್ಕಿನೊಂದಿಗೆ ಸಂಸಾರ ಮಾಡಬೇಕೋ! "ಸೊಸೈಟಿಗೇ" ಎಂದ ಪ್ರೇಮಾನಂದ.

ಅವಳು ತಿರುಗಿ ಒಳಗೆ ಹೋದಳು. ಆರು ಫ್ಯಾನಿನ ಕಂಪ್ಯೂಟರನ್ನು ಪಿಕಪ್ಪಿನಲ್ಲಿ ಎರಡು ಯೂರಿಯಾ ಚೀಲಗಳ ನಡುವೆ ಕೂರಿಸಿ, ಹುರಿಹಗ್ಗದಿಂದ ಬಿಗಿದು ಕೊಂಡುಹೋದರು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಪ್ರೇಮಾನಂದ ಶಾಲು ಹೊದ್ದು ಅಂಗಳದಲ್ಲೇ ನಿಂತಿದ್ದ.

ಒಳಗೆ ಬಂದರೆ ಶ್ರೀಲತಾ ಹೊಲಿಗೆ ಯಂತ್ರದ ಕೋಣೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಯಂತ್ರ ಮೂಲೆಗೆ ಸರಿದಿತ್ತು. ಕಿಟಕಿಯ ಬಳಿ ಗುಡಿಸಿ ಒರೆಸಿದ ಮೇಜು ಖಾಲಿಯಾಗಿ ನಿಂತಿತ್ತು. ಅದರ ಎದುರು, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದ, ಕೆಂಪು ಕಪ್ಪು ಬಣ್ಣದ, ರೇಸಿನ ಕಾರಿನ ಸೀಟಿನಂಥ ದೊಡ್ಡದೊಂದು ಗೇಮಿಂಗ್ ಕುರ್ಚಿ.

"ಇದೆಂತ?" ಎಂದ ಪ್ರೇಮಾನಂದ.

"ನಿಮ್ಗೇ. ಅಂಗಿ ಒಗುವತಿಗೆ ಜೇಬಂಗೆ ಆ ಪಟ್ಟಿ ಸಿಕ್ಕಿತ್ತ್. ನಿದ್ದೆಯಂಗೂ 'ಹದಿನಾರ್ ಜೀಬಿ ಸಾಕಾ' ಅಂತ ಕೇಂತಿದ್ರಿ, ನಾನೇ 'ಸಾಕ್, ಮನಿಕಣಿ' ಅಂದಿದ್ದೆ. ಒಂದ್ ಆಸೆ ಅಲ್ದಾ, ಇರ್ಲಿ ಅಂತ ಬ್ಲೌಸ್ ಹೊಲ್ದ ದುಡ್ಡಂಗೆ ಇದನ್ನ ತರ್ಸಿದೆ. ನೀವಾಗೇ ಬಂದ್ ಹೇಳ್ತ್ರಿ ಅಂತ ಕಾದೆ." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಇವತ್ತ್ ಕೇಂಡ್ರೆ ಸೊಸೈಟಿಗೆ ಅಂದ್ರಿ. ನಾನೇ ತಪ್ಪ್ ತಿಳ್ಕಂಡೆ ಕಾಣತ್ತ್."

ಪ್ರೇಮಾನಂದ ಕುರ್ಚಿಯಲ್ಲೇ ಕುಸಿದು ಕೂತ. ಅದು ಅವನ ಬೆನ್ನನ್ನು ತಾಯಿಯ ಹಾಗೆ ತಬ್ಬಿಕೊಂಡಿತು. ಎದುರಿಗೆ ಖಾಲಿ ಮೇಜು.

ಕಿಟಕಿಯ ಸರಳಿನಾಚೆ ಮಂಜಣ್ಣನ ತಲೆ ಕಾಣಿಸಿಕೊಂಡಿತು. ಒಂದು ಕೈಯಲ್ಲಿ ಆಗಲೇ ಫೋನು.

"ಹ್ವಾಯ್ ದಾನಿಗಳೇ, ಕುರ್ಚಿ ಲಾಯ್ಕಿತ್ತಲೆ! ಇದನ್ನೂ ಸೊಸೈಟಿಗೇ ಕೊಡುದಾ? ಪಿಕಪ್ ಇನ್ನೂ ದೂರ ಹೋಗಲ್ಲೆ, ತಿರುಗ್ಸುಕೆ ಹೇಳ್ತೆ!"

ಪ್ರೇಮಾನಂದ ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.