ಭಟ್ಟರು ರೀಲು ರಿಪೇರಿ ಮಾಡಿದ್ದು

ಹಂಪನಕಟ್ಟೆಯ ಹಳೆಯ ಕಟ್ಟಡವೊಂದರ ಮೆಟ್ಟಿಲಿನ ಅಡಿಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಗಡಿಯಾರ ರಿಪೇರಿ ಮಾಡುತ್ತಿದ್ದ ವಿಷ್ಣುಮೂರ್ತಿ ಭಟ್ಟರ ಮೇಜಿನ ಮೇಲೆ ಆ ದಿನ ಬೆಳಿಗ್ಗೆ ಮೀನು ಹಿಡಿಯುವ ರೀಲೊಂದು ಬಂದು ಕುಳಿತಿತು. ಕೋಲು, ಗಾಳ ಸಮೇತ. ಭಟ್ಟರು ಹುಟ್ಟಿದ ಮೇಲೆ ಮೀನು ನೋಡಿದ್ದು ದೇವಸ್ಥಾನದ ಕೆರೆಯಲ್ಲಿ ಮಾತ್ರ. ಅರಳು ಹಾಕಿದ್ದುಂಟು, ಗಾಳ ಹಾಕಿದವರಲ್ಲ.

"ಎಂತ ಇದು ಪೊರ್ಬುಗಳೇ?"

"ಮಗಳು ದುಬೈಯಿಂದ ಕಳಿಸಿದ್ದು. ಹಾಳು ಮಾಲು ಮಾರಾಯ್ರೆ," ಎಂದರು ಕಟ್ಟಡದ ಮಾಲೀಕ ಲೂರ್ಡ್ಸ್. ಊರಿನ ಕ್ರೈಸ್ತ ಹಿರಿಯರನ್ನು ಭಟ್ಟರು ಕರೆಯುತ್ತಿದ್ದುದೇ ಪೊರ್ಬುಗಳು ಎಂದು. ಮರದ ತುಂಡಿಗೆ ದಾರ ಸುತ್ತಿಕೊಂಡು ಐವತ್ತು ವರ್ಷ ಮೀನು ಹಿಡಿದ ಕೈ ಅವರದು. "ಮೊದಲೆಲ್ಲ ಮೀನು ಎಳೆದ್ರೆ ನಾನೂ ಎಳೀತಿದ್ದೆ. ಇದು ಮೀನು ಎಳೆದ್ರೆ ಕಿರ್ರ್ ಅಂತ ದಾರ ಬಿಟ್ಟುಕೊಡ್ತದೆ. ಊಟದಲ್ಲಿ ಪಾಯಸ ಬಡಿಸಿದ ಹಾಗೆ, ಬೇಕಾದಷ್ಟು ತಗೋ ಅಂತ!"

"ನಾನು ಗಡಿಯಾರದವ..."

"ಒಳಗೆ ಚಕ್ರ ಉಂಟಲ್ಲ? ಚಕ್ರ ಇದ್ದದ್ದೆಲ್ಲ ನಿಮ್ಮದೇ. ನೋಡಿ ಭಟ್ರೆ, ಜ್ಯೂಸಿನವ ಒಬ್ಬ ಈ ಜಾಗ ಕೊಡಿ ಅಂತ ದಿನಾ ಬರ್ತಾನೆ. ನಾಲ್ಕು ಗಂಟೆಗೆ ಬರ್ತೇನೆ. ರೀಲು ರಿಪೇರಿ ಮಾಡಿದ್ರೆ ನಿಮ್ಮ ಮೇಜು ಇಲ್ಲೇ. ಇಲ್ಲದಿದ್ರೆ ನಾಳೆಯಿಂದ ಇಲ್ಲಿ ಜ್ಯೂಸು."

ಭಟ್ಟರು ಕನ್ನಡಕ ಏರಿಸಿ ರೀಲಿನ ಮೂತಿಯ ತಿರುಪು ಬಿಚ್ಚಿದರು. ಒಳಗೆ ಏಳು ಬಿಲ್ಲೆಗಳು. ಒಂದು ಉಕ್ಕಿನದು, ಅದರ ಮೇಲೊಂದು ಉಣ್ಣೆಯದು, ಮತ್ತೆ ಉಕ್ಕಿನದು, ನೀರುದೋಸೆಯ ಅಟ್ಟಿಯ ಹಾಗೆ. ಒಂದೂ ಸವೆದಿಲ್ಲ, ಒಂದೂ ಮುರಿದಿಲ್ಲ. ಆದರೂ ದಾರ ಎಳೆದರೆ ಜಾರುತ್ತದೆ! ಗಡಿಯಾರದಲ್ಲಿ ಚಕ್ರ ಜಾರಿದರೆ ಅದು ರೋಗ.

"ಬಾಬಿನ್ನಿನದ್ದೇ ಕತೆ," ಎಂದಳು ಎದುರಿನ ಟೈಲರ್ ಕುಶಲಾ, ಕತ್ತರಿ ಹಿಡಿದುಕೊಂಡೇ ಬಂದು. "ದಾರ ಸಡಿಲ ಬಂದ್ರೆ ಟೈಟ್ ಮಾಡ್ಬೇಕು. ಇಷ್ಟು ವರ್ಷದಿಂದ ಬ್ಲೌಸ್ ಹೊಲೀತೇನೆ, ನನಗೆ ಗೊತ್ತಿಲ್ವ?"

"ನಿಲ್ಲಿ," ಎಂದ ಪಕ್ಕದ ಮೊಬೈಲ್ ಅಂಗಡಿಯ ಮುಖೇಶ್, ಫೋನಿನಲ್ಲಿ ರೀಲಿನ ವೀಡಿಯೋ ತೆರೆದು, "ವೀಡಿಯೋದಲ್ಲಿ ಹಿಡಿಕೆ ಎಡಕ್ಕುಂಟು. ಇದರಲ್ಲಿ ಬಲಕ್ಕೆ. ಅದೇ ಫಾಲ್ಟ್!"

ಹಿಡಿಕೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋಯಿತು. ಮೂರನೆಯ ಸಲ ಭಟ್ಟರಿಗೆ ತನ್ನದೇ ಎಡ ಯಾವುದು ಬಲ ಯಾವುದು ಎಂದು ಸಂಶಯ ಬಂದು, ಜನಿವಾರ ಮುಟ್ಟಿ ಖಚಿತ ಮಾಡಿಕೊಳ್ಳಬೇಕಾಯಿತು. ಕೊನೆಗೆ ಗೋಡೆ ಗಡಿಯಾರದ ಎರಡು ಬಿಲ್ಲೆಗಳನ್ನು ಒಳಗೆ ತುರುಕಿ, ಇಕ್ಕಳ ಹಾಕಿ ಬಿಗಿದರು. ಎಳೆದರೆ ಅಲುಗಲಿಲ್ಲ.

"ಟೆಸ್ಟ್ ಆಗ್ಬೇಕು," ಎಂದು ಮುಖೇಶ್ ಕೋಲನ್ನು ಮೇಜಿನ ಕಾಲಿಗೆ ಕಟ್ಟಿದ. ಕುಶಲಾ ಬಿಗಿಯುವ ಮೊದಲೇ ಬಿಚ್ಚಿಟ್ಟಿದ್ದ ದಾರದ ತುದಿಯ ಗಾಳ ಹಿಡಿದುಕೊಂಡು ರಸ್ತೆಯ ಬದಿಗೆ ನಡೆದಳು. ಆಗಲೇ ಸಿಟಿ ಬಸ್ಸೊಂದು ಬಂದು ನಿಂತಿತು. ಇಳಿಯುವವರ ನೂಕಿನಲ್ಲಿ ಗಾಳ ಅವಳ ಕೈತಪ್ಪಿ ಬಸ್ಸಿನ ಹಿಂದಿನ ಏಣಿಗೆ ಸಿಕ್ಕಿಕೊಂಡಿತು. ಬಸ್ಸು ಹೊರಟಿತು. ಹಿಂದಿನಿಂದ ಭಟ್ಟರ ಮೇಜೂ ಹೊರಟಿತು, ತವರಿಗೆ ಹೊರಟ ಹೆಂಗಸಿನ ಹಾಗೆ, ತಿರುಗಿ ನೋಡದೆ.

"ಹೋಲ್ಡನ್! ಹೋಲ್ಡನ್!" ಎಂದು ಮುಖೇಶ್ ಬಸ್ಸು ನಿಲ್ಲಿಸಲು ಬೊಬ್ಬೆ ಹಾಕಿದ. ಭಟ್ಟರು ಚೆಲ್ಲಿಹೋದ ಮುಳ್ಳುಗಳನ್ನೂ ಚಕ್ರಗಳನ್ನೂ ಹೆಕ್ಕುತ್ತಾ ಮೇಜಿನ ಹಿಂದೆ ಓಡಿದರು.

ಸೀಟಿ ಊದಿ ಬಸ್ಸು ನಿಲ್ಲಿಸಿದ ಕಂಡಕ್ಟರ್ ರೋಷನ್ ಬೈಯಲೆಂದೇ ಇಳಿದ. ರೀಲು ನೋಡಿದ್ದೇ ಬೈಗುಳ ಮರೆತ. ರಜೆಯ ದಿನ ಅವನೂ ಗಾಳ ಹಾಕುವವನೇ.

"ಇದನ್ನು ಯಾರು ಬಿಗಿದದ್ದು? ಅಜ್ಜನ ಕಾಲದಲ್ಲಿ ದಾರ ಅಂಗೈ ಕೊಯ್ತಿತ್ತು. ಮತ್ತೆ ಬಂದ ರೀಲಲ್ಲಿ ಮೀನು ಓಡಿದ್ರೆ ಹಿಡಿಕೆ ಹಿಂದಕ್ಕೆ ತಿರುಗಿ ಬೆರಳು ಮುರೀತಿತ್ತು. ಅದಕ್ಕೇ ಈ ಬಿಲ್ಲೆ ಮಾಡಿದ್ದು! ಮೀನು ಎಳೆದ್ರೆ ಬಿಡ್ಬೇಕು, ಸುಸ್ತಾದ ಮೇಲೆ ಸುತ್ತಬೇಕು. ಇನ್ನು ಉಪ್ಪುನೀರು ಒಳಗೆ ಹೋಗದ ಹಾಗೆ ಮಾಡಿದ್ರೆ ಮುಗೀತು, ನಮಗೆ ಸಿಗುವ ರೀಲಲ್ಲಿ ಅದೊಂದು ಇನ್ನೂ ಬರ್ಲಿಲ್ಲ."

"ಅಂದ್ರೆ ಆ ಕಿರ್ರ್..."

"ಅದು ರೋಗ ಅಲ್ಲ ಭಟ್ರೆ, ಆರೋಗ್ಯ! ಹೀಗೇ ಬಿಟ್ರೆ ದೊಡ್ಡ ಮೀನು ಸಿಕ್ಕಿದ ದಿನ ಒಂದೋ ದಾರ ತುಂಡು, ಇಲ್ಲ ಹಿಡಿದವ ನೀರಿಗೆ." ಏಣಿಯಿಂದ ಗಾಳ ಬಿಡಿಸಿ ಕೊಟ್ಟು ರೋಷನ್ ಬಸ್ಸು ಹತ್ತಿದ. "ರೈಟ್, ಪೋಯಿ!" ಬಸ್ಸು ಹೋಯಿತು.

ಮೇಜನ್ನು ಮೆಟ್ಟಿಲಿನ ಅಡಿಗೆ ತಳ್ಳಿ ಭಟ್ಟರು ಇಕ್ಕಳ ಹುಡುಕುವಷ್ಟರಲ್ಲಿ ನಾಲ್ಕು ಗಂಟೆ. ಟೊಪ್ಪಿ ಹಾಕಿಕೊಂಡು ಬಂದ ಲೂರ್ಡ್ಸ್ ಬಂದವರೇ ದಾರ ಹಿಡಿದು ಎಳೆದರು. ಒಂದು ನೂಲಿನಷ್ಟೂ ಬರಲಿಲ್ಲ.

"ಶಾಭಾಸ್ ಭಟ್ರೆ! ಈ ಜನ್ಮದಲ್ಲಿ ನಿಮ್ಮ ಮೇಜು ಇಲ್ಲಿಂದ ಕದಲುವುದಿಲ್ಲ!"

ಸುಮ್ಮನಿರಿ ಎಂದು ಕುಶಲಾ ಕಣ್ಣು ಮಾಡಿದಳು. ಭಟ್ಟರು ಸುಮ್ಮನಿರಲೂ ನೋಡಿದರು. ಆದರೆ ಕಣ್ಣೆದುರಿಗೆ ಲೂರ್ಡ್ಸರ ಟೊಪ್ಪಿಯೊಂದೇ ನೀರಿನ ಮೇಲೆ ತೇಲತೊಡಗಿತು.

"ಒಂದು ನಿಮಿಷ ಪೊರ್ಬುಗಳೇ," ಎಂದರು. ಕುಶಲಾಳ ಹೊಲಿಗೆಯ ನೂಲನ್ನು ದಾರದ ತುದಿಗೆ ಕಟ್ಟಿ, "ಎಳೀರಿ" ಎಂದರು. ನೂಲು ಪಟ್ಟೆಂದಿತು. ತಾನು ತುರುಕಿದ ಎರಡು ಬಿಲ್ಲೆ ತೆಗೆದು, ಇನ್ನೊಂದು ನೂಲು ಕಟ್ಟಿದರು. ಲೂರ್ಡ್ಸ್ ಎಳೆಯುತ್ತಾ ಮೊಬೈಲ್ ಅಂಗಡಿಯವರೆಗೂ ಹೋದರು. ಕಿರ್ರ್ ಎಂದಿತೇ ಹೊರತು ನೂಲು ತುಂಡಾಗಲಿಲ್ಲ.

ಲೂರ್ಡ್ಸರ ಕಣ್ಣು ದೊಡ್ಡದಾಯಿತು. "ಹಾಗಾದ್ರೆ ಜಾರುವುದೇ ಸರಿ?"

"ಅದೇ ಸರಿ. ಜಾರದಿದ್ರೆ ದೊಡ್ಡ ಮೀನು ನಿಮ್ಮನ್ನೇ ನೀರಿಗೆ ಎಳೀತಿತ್ತು."

"ಮಗಳು ಕಳಿಸಿದಾಗಲೂ ಸರಿಯೇ ಇತ್ತು?"

"ಸರಿಯೇ ಇತ್ತು."

"ನೀವು ಹಾಕಿದ್ದನ್ನು ನೀವೇ ತೆಗೆದ್ರಿ?"

"ತೆಗೆದೆ," ಎಂದರು ಭಟ್ಟರು ಸಂತೋಷದಿಂದ.

"ನನ್ನ ಜೀವ ಉಳಿಸಿದ್ರಿ ಮಾರಾಯ್ರೆ, ದೇವರು ನಿಮಗೆ ಒಳ್ಳೇದು ಮಾಡ್ಲಿ." ಲೂರ್ಡ್ಸ್ ತಲೆ ಕೆರೆದುಕೊಂಡರು. "ಆದ್ರೆ ಭಟ್ರೆ, ರಿಪೇರಿ ಮಾಡಿದ್ದು ಎಂತ?"

ಭಟ್ಟರು ತೆಗೆದ ಎರಡು ಬಿಲ್ಲೆಗಳನ್ನು ಅಂಗೈಯಲ್ಲಿಟ್ಟು ತೋರಿಸಿದರು. ಕುಶಲಾಳ ಮುಖ ನೋಡಿದರು, ಮುಖೇಶನ ಮುಖ ನೋಡಿದರು.

"ಮಾತು ಅಂದ್ರೆ ಮಾತಲ್ವಾ, ರಿಪೇರಿ ಇಲ್ಲದಿದ್ರೆ ಇಲ್ಲಿ ಜ್ಯೂಸು," ಎಂದು ಲೂರ್ಡ್ಸ್ ರೀಲನ್ನು ಬಗಲಿಗೆ ಸಿಕ್ಕಿಸಿ ಮೇಜಿನ ಒಂದು ತುದಿ ಹಿಡಿದರು. "ಬೇಸರ ಮಾಡ್ಬೇಡಿ. ಆ ಕಡೆ ನೀವು ಹಿಡೀರಿ, ಒಬ್ಬರಿಂದ ಆಗುವ ಭಾರ ಅಲ್ಲ."

ಭಟ್ಟರು ಹಿಡಿದರು. ಮೇಜು ಎದ್ದಿತು. ತಪ್ಪು ಎಲ್ಲಿ ಆಯಿತು ಎನ್ನುವುದಿರಲಿ, ಮುಂದಕ್ಕೆ ನಡೆಯಬೇಕಾದದ್ದು ತಾನೋ ಲೂರ್ಡ್ಸೋ ಎನ್ನುವುದೂ ಅವರಿಗೆ ಹೊಳೆಯಲಿಲ್ಲ.