ವಾಗ್ಗೇಯಕಾರರಿಗೆ ಕಟ್ಟಿಕೊಟ್ಟ ಬುತ್ತಿ

ದೊಡ್ಡವರ ಚರಿತ್ರೆ ಹೇಳುವವನಿಗೆ ಆ ದೊಡ್ಡವರಿಂದ ಏನೂ ತೊಂದರೆಯಿಲ್ಲ. ಪೇಚಿಗೆ ಸಿಕ್ಕಿಸುವವರು ಕೇಳಲು ಕೂತವರೇ.

ನಾನು ಕಲಬುರಗಿಯಲ್ಲಿ ಸಂಗೀತ ಮಾಸ್ತರನಾಗಿ ನಿವೃತ್ತನಾದವನು. ಹಾರ್ಮೋನಿಯಂ ಮುಂದಿಟ್ಟುಕೊಂಡು, ಹಾಡು ಕಟ್ಟಿದ ಮಹಾನುಭಾವರ ಬದುಕನ್ನು ಹೇಳುವುದು, ನಡುನಡುವೆ ಅವರ ಹಾಡನ್ನೇ ಹಾಡುವುದು ಶಿವ ನನಗೆ ಕೊಟ್ಟ ಸೇವೆ. ಗುರುಗಳು ಈ ಹಾರ್ಮೋನಿಯಂ ಕೊಡುವಾಗ ಒಂದೇ ಮಾತು ತಗೊಂಡಿದ್ದರು: "ಯಾರ ಚರಿತ್ರೆ ಹಿಡಿದ್ರೂ ಮಂಗಳ ಹಾಡದೆ ಬಿಡಬ್ಯಾಡ." ಪಾದ ಮುಟ್ಟಿ ಒಪ್ಪಿದ್ದೆ. ಹತ್ತಿರದ ಕಮಲಾಪುರಕ್ಕೆ ಹೋಗುವವರೆಗೂ ಆ ಮಾತಿಗೆ ಕುಂದು ಬಂದಿರಲಿಲ್ಲ.

೧. ಖಾಲಿ ಪಲ್ಲಕ್ಕಿ

ನೆಹರು ಗಂಜ್ ಮಾರುಕಟ್ಟೆಯ ಬೇಳೆ ಅಂಗಡಿಯೊಂದರಲ್ಲಿ ಶ್ರಾವಣದ ಪೂಜೆ. ಹಿಂದಿನ ಕಾಲದ ಒಬ್ಬ ವಾಗ್ಗೇಯಕಾರರ ಚರಿತ್ರೆ ಹಿಡಿದಿದ್ದೆ. ರಾಜ ಪಲ್ಲಕ್ಕಿ ಕಳಿಸಿದರೂ ಆ ವಾಗ್ಗೇಯಕಾರರು ಹತ್ತಲಿಲ್ಲ, ದೇವರ ಮುಂದೆ ಮಾತ್ರ ಹಾಡುವೆ ಎಂದು ತಿರುಗಿ ಕಳಿಸಿದರು ಎಂದೆ. ಸಾಹುಕಾರರು ಕಣ್ಣೊರೆಸಿಕೊಂಡರು. ಚೀಲದ ಮೇಲೆ ಕೂತಿದ್ದ ಹಮಾಲನೊಬ್ಬ ಮಾತ್ರ ಕೈ ಎತ್ತಿದ. ಅಷ್ಟು ದೂರ ಹೊತ್ತು ಬಂದವರಿಗೆ ಆ ಮನೆಯಲ್ಲಿ ಊಟ ಹಾಕಿದರೋ ಇಲ್ಲವೋ ಎಂಬುದು ಅವನ ಚಿಂತೆ.

ಪುಸ್ತಕದಲ್ಲಿ ಅದನ್ನು ಬರೆದಿಲ್ಲಪ್ಪಾ ಎಂದೆ.

"ಬರದೋರು ಹೊತ್ತೋರಲ್ಲ ಬಿಡ್ರಿ," ಅಂದ.

೨. ಹೊಳೆಯ ನಡುವೆ

ಆಮೇಲೆ ಅದೇ ಚರಿತ್ರೆಯನ್ನು ಕಮಲಾಪುರದ ಗುಡಿಯಲ್ಲಿ ಸೋಮವಾರಕ್ಕೊಂದು ಭಾಗದಂತೆ ಹಿಡಿದೆ. ಒಂದು ಸೋಮವಾರ ಬಸ್ ಸ್ಟ್ಯಾಂಡಿಗೆಂದು ರೋಜಾ ಬಡಾವಣೆ ಕಡೆಯಿಂದ ಆಟೋ ಹತ್ತಿದೆ. ನಾನು ಗುನುಗುವುದನ್ನು ಕೇಳಿ ಡ್ರೈವರ್ ಸಾಹೇಬರು ಯಾರ ಹಾಡು ಎಂದರು. ಆ ಮಹಾನುಭಾವರು ಯಾತ್ರೆಗೆ ಹೋಗಿದ್ದು, ದೋಣಿ ನಡುಹೊಳೆಯಲ್ಲಿ ಸಿಕ್ಕಿದ್ದು, ಆಗ ಈ ಹಾಡು ಹುಟ್ಟಿದ್ದು ಎಲ್ಲ ಹೇಳಿದೆ. ದೋಣಿ ದಡ ಸೇರಿದಾಗ ತಲೆ ಎತ್ತಿ ನೋಡಿದರೆ ಬಸ್ ಸ್ಟ್ಯಾಂಡ್ ದಾಟಿ ಬಹಳ ದೂರ ಬಂದಿದ್ದೇವೆ. ಯಾಕ್ರಿ ನಿಲ್ಲಿಸಲಿಲ್ಲ ಎಂದು ಕೇಳಿದೆ.

"ಅವರನ್ನ ಹೊಳ್ಯಾಗ ಬಿಟ್ಟು ನಿಮ್ಮನ್ನ ಹ್ಯಾಂಗ್ ಇಳಸ್ಲಿ ಸಾಬ್?"

೩. ಆಯಿಯ ಬುತ್ತಿ

ಗುಡಿಯಲ್ಲಿ ಮುಂದಿನ ಸಾಲಿನಲ್ಲಿ ಒಬ್ಬ ವಯಸ್ಸಾದ ಆಯಿ ಕೂರುತ್ತಿದ್ದಳು. ವಾಗ್ಗೇಯಕಾರರು ಎಷ್ಟೋ ದಿನ ಉಪವಾಸ ಮಲಗಿದರು ಎಂದು ಹೇಳಿದ ಮರುವಾರ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಗಂಟು ತಂದು, "ಅವರಿಗಿ ಮುಟ್ಟಸ್ರಿ ಮಾಸ್ತರ" ಅಂದಳು. ಅವರು ಶಿವನ ಪಾದ ಸೇರಿ ಎಷ್ಟೋ ತಲೆಮಾರಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಮನೆಗೆ ತಂದು ದೇವರಿಗೆ ಎಡೆ ಹಿಡಿದು ತಿಂದೆ. ಶಿವ ಕ್ಷಮಿಸಲಿ, ಹಿಂಡಿ ಬಹಳ ರುಚಿಯಾಗಿತ್ತು.

೪. ಮಂಗಳ

ಕೊನೆಯ ಸೋಮವಾರ ಬಂತು. ಅವರಿಗೆ ವಯಸ್ಸಾಯಿತು, ಹಲ್ಲು ಬಿದ್ದವು, ಆದರೂ ಹಾಡು ಬಿಡಲಿಲ್ಲ ಎನ್ನುತ್ತ ದನಿ ಇಳಿಸಿದೆ. ಇನ್ನು ಅವರು ಹೋಗಿಬಿಡುತ್ತಾರೆಂದು ಆಯಿಗೆ ಗೊತ್ತಾಗಿಬಿಟ್ಟಿತು.

"ಇವತ್ತ ಬ್ಯಾಡ್ರಿ. ನಾಳಿ ಮೊಮ್ಮಗಳ ಲಗ್ನ ಅದ. ಇಂಥಾ ಸುದ್ದಿ ಕಟಗೊಂಡು ಹ್ಯಾಂಗ್ ಮನಿಗಿ ಹೋಗ್ಲಿ?"

ಮುಂದಿನ ವಾರ ಯಾರದೋ ಸೊಸೆ ಹೆರಿಗೆಗೆ ಹೋಗಿದ್ದಳು. ಅದರ ಮುಂದಿನ ವಾರ ಇನ್ನೊಬ್ಬರ ಮನೆಯ ತೊಗರಿ ರಾಶಿ. ಗುಡಿಯಲ್ಲಿ ಕೂತು ಸುಳ್ಳು ಸೇರಿಸಲಾರೆ. ಹೊತ್ತು ತುಂಬಿಸಲು ಅವರ ಹಾಡುಗಳನ್ನೇ ಹಾಡಿದೆ. ಕೊನೆಗೆ ನನಗೆ ಬರುತ್ತಿದ್ದ ಹಾಡೆಲ್ಲ ಮುಗಿದವು, ಅವರು ಮಾತ್ರ ಗಟ್ಟಿಯಾಗಿಯೇ ಇದ್ದರು.

ಇನ್ನು ತಡೆಯಲಾಗದೆ ಕೈಮುಗಿದೆ. ಗುರುಗಳಿಗೆ ಮಾತು ಕೊಟ್ಟಿದ್ದೇನೆ ತಾಯಿ, ಮಂಗಳ ಹಾಡದೆ ಚರಿತ್ರೆ ಬಿಟ್ಟರೆ ಅವರಿಗೆ ಹೇಗೆ ಮುಖ ತೋರಿಸಲಿ ಎಂದೆ.

ಆಯಿ ಕೇಳಿದಳು: "ಮಂಗಳ ಹಾಡು ಅಂದಾರ. ಅವರನ್ನ ಕಳಿಸಿ ಹಾಡು ಅಂದಾರೇನು?"

ಹಾಗೆ ಗುರುಗಳು ಎಂದೂ ಅಂದಿರಲಿಲ್ಲ. ಹಾರ್ಮೋನಿಯಂ ಎಳೆದುಕೊಂಡು ಮಂಗಳ ಹಿಡಿದೆ. ಇಡೀ ಗುಡಿ ದನಿಗೂಡಿಸಿತು. ಗುರುಗಳ ನೆನಪಾಗಿ ನಾನು ಹಾಡು ನಿಲ್ಲಿಸಿ ಹಾರ್ಮೋನಿಯಂ ಮಾತ್ರ ನುಡಿಸಿದೆ, ಮಿಕ್ಕ ಸಾಲುಗಳನ್ನು ಗುಡಿಯಲ್ಲಿ ಕೂತವರೇ ಮುಗಿಸಿದರು.

ಬಸ್ಸಿನಲ್ಲಿ ಕೂತಾಗ ಆಯಿ ಕಿಟಕಿಯಲ್ಲಿ ಕೈ ಹಾಕಿ ಕೆಂಪು ಬಾಳೆಹಣ್ಣಿನ ಚಿಪ್ಪು ತೊಡೆಯ ಮೇಲಿಟ್ಟಳು. ನನಗಾಗಿ ತಂದಳೆಂದು ಕಣ್ಣಿಗೊತ್ತಿಕೊಂಡೆ.

"ಒಂದು ನೀವು ತಿನ್ರಿ, ಉಳದಿದ್ದು ಅವರಿಗಿ. ಹಲ್ಲ ಬಿದ್ದಾವ ಅಂತ ಮೊದಲೇ ಹೇಳಬಾರದೇನ್ರಿ ಮಾಸ್ತರ? ಸುಮ್ಮ ರೊಟ್ಟಿ ಕಟ್ಟಿ ಕೊಟ್ಟೆ."